ಉಡಚವ್ವನ ಫೋಟೊ

ಮಂಗಳವಾರ, ಜುಲೈ 15

ಸೋಬಾನೆ ಪದ ಹಾಡುವ ತಡಸದ ಉಡಚವ್ವ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಾಳೆ. ಇನ್ನೂ ಉಸಿರಿದೆ. ಆದರೂ ವಿಶ್ವವಿದ್ಯಾಲಯದ ಶ್ರದ್ಧಾಂಜಲಿ ಪೋಸ್ಟರ್ ಸಿದ್ಧವಿರಲಿ ಎಂದು ನಮ್ಮ ಜಾನಪದ ವಿಭಾಗದ ಮುಖ್ಯಸ್ಥರು ಬೆಳಿಗ್ಗೆಯೇ ಹೇಳಿದರು. ಇರುವುದು, ಅವಳ ಪದ ಧ್ವನಿಮುದ್ರಿಸಲು ಹೋದಾಗ ನಾನೇ ತೆಗೆದ, ಅವಳು ನಗುತ್ತಿರುವ ಒಂದೇ ಫೋಟೊ. "ಹಲ್ಲಿಲ್ಲದ ಬಾಯಿ ಯಾಕ ತಗೀತಿಯೋ ತಮ್ಮಾ, ನನಗ ವರಾ ಹುಡುಕ್ತೀಯೇನು?" ಎಂದು ಅವತ್ತು ಛೇಡಿಸಿದ್ದಳು.

"ನಗೂ ಫೋಟೊ ಶ್ರದ್ಧಾಂಜಲಿಗೆ ಒಪ್ಪಂಗಿಲ್ರಿ. ಬಾಯಿ ಮುಚ್ಚಸ್ರಿ," ಎಂದರು ಮುಖ್ಯಸ್ಥರು.

ಕಂಪ್ಯೂಟರಿನಲ್ಲಿ ತುಟಿ ಕೂಡಿಸಿದೆ. ಕೆಲಸ ಅಚ್ಚುಕಟ್ಟಾಗಿ ಬಂತು, ಅದೇ ಸಂಕಟ.

ಸಂಜೆ ಅವಳ ಮಗ ಕನಕಪ್ಪ ಫೋನ್ ಮಾಡಿದ. "ಅವ್ವ ಕಣ್ಣ ತೆರದಾಳ್ರಿ ಸರ್. ಚಾ ಬೇಕು ಅನ್ನಾಕತ್ತಾಳ."

ಮುಖ್ಯಸ್ಥರಿಗೆ ತಿಳಿಸಿದೆ. "ಚಲೋ ಆತು," ಎಂದರು. ಆಮೇಲೆ, "ಫೈಲ್ ಅಳಸಬ್ಯಾಡ್ರಿ ಮತ್ತ."

ಅಳಿಸಲಿಲ್ಲ. ದಿನಾಂಕದ ಜಾಗವನ್ನಷ್ಟೇ ಖಾಲಿ ಬಿಟ್ಟು ಉಳಿಸಿದ್ದೇನೆ.