ಪರದೆ ತೆಗೆದ ಶನಿವಾರ

ಕಪ್ಪತಗುಡ್ಡದ ಬುಡದ ಹೊಸಕೇರಿಯಿಂದ,
ಇಸವಿ ೨೧೮೭, ಎರಡನೇ ಬೇಸಿಗೆಯ ಮೊದಲ ಸೋಮವಾರ

ನಮಗಿಂತ ಮೊದಲೇ ಕನ್ನಡದಲ್ಲಿ ಕರ್ತನನ್ನು ಸ್ತುತಿಸಿದ ಹಿರಿಯರಿಗೆ,

ಹೊಸಕೇರಿಯ ಸಭಾಪಾಲಕಿ ಸುಕೃಪಾ ಸೋನ್ಸ್ ಮಾಡುವ ವಂದನೆಗಳು. ಮೇಲಿನ ತಾರೀಖು ಕಂಡು, ಯಾರೋ ತಮಾಷೆಗೆ ಬರೆದಿದ್ದಾರೆಂದು ಈ ಕಾಗದವನ್ನು ಮಡಚಿಡಬೇಡಿ. ನಮ್ಮಲ್ಲಿ ಬೇಸಿಗೆ ವರ್ಷಕ್ಕೆ ಎರಡು ಸಲ ಬರುತ್ತದೆ, ಅದಕ್ಕೇ ಹಾಗೆ ಬರೆದೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ಭಾಷೆ ನಿಮ್ಮದೇ. ನಿಮ್ಮ ಕಾಲದಿಂದ ನಮ್ಮ ಕಾಲಕ್ಕೆ ಬರುವಷ್ಟರಲ್ಲಿ ಅದು ಬಹಳ ಊರು ಸುತ್ತಿದೆ.

ನಮ್ಮವರು ಕಡಲುಬಿಟ್ಟವರು. ಸಮುದ್ರ ಅಂಗಳಕ್ಕೆ ಬಂದಾಗ ಉಳ್ಳಾಲದ ಕಡೆಯಿಂದ ಗದುಗಿನ ಸೀಮೆಗೆ ಎದ್ದುಬಂದವರನ್ನು ಇಲ್ಲಿ ಹಾಗೆ ಕರೆಯುತ್ತಾರೆ. ನಾವಿರುವುದು ನೆರಳುಬೀದಿಗಳಲ್ಲಿ. ಈ ಬೀದಿಗಳ ಮೇಲೆ ಉದ್ದಕ್ಕೂ ಬಿಸಿಲುಂಡು ವಿದ್ಯುತ್ ಕೊಡುವ ಹಾಳೆಗಳ ಚಪ್ಪರವಿದೆ, ಮಧ್ಯಾಹ್ನವೂ ಮಕ್ಕಳು ಅದರಡಿ ಆಡಬಹುದು. ಆರಾಧನೆ ಬೆಳಗಿನ ಜಾವವೇ ಮುಗಿಯುತ್ತದೆ. ಕರ್ತನ ಭೋಜನಕ್ಕೆ ನವಣೆಯ ರೊಟ್ಟಿ, ನೇರಳೆಯ ರಸ. ದ್ರಾಕ್ಷಿಯನ್ನು ನಾನು ಚಿತ್ರದಲ್ಲಷ್ಟೇ ನೋಡಿದ್ದೇನೆ.

ನಾನು ಚಿಕ್ಕವಳಿದ್ದಾಗ ನಮ್ಮ ದೇವಾಲಯದ ಹಿಂಭಾಗದಲ್ಲಿ ಸದ್ದುನುಂಗಿ ಇತ್ತು. ಅದೊಂದು ಬೂದುಬಣ್ಣದ ದಪ್ಪ ಪರದೆ. ಅದರೊಳಗೆ ಎಷ್ಟು ಕೂಗಿದರೂ ಹೊರಗಿನವರಿಗೆ ಪಿಸುಮಾತೂ ಕೇಳುತ್ತಿರಲಿಲ್ಲ. ಹೊರಗೆ ಸಭಾಪಾಲಕರು ಮಾಡುವ ಪ್ರಸಂಗ ಮಾತ್ರ ಒಂದು ಸಣ್ಣ ಧ್ವನಿಪೆಟ್ಟಿಗೆಯಲ್ಲಿ ಒಳಕ್ಕೆ ಬರುತ್ತಿತ್ತು. ಶಾಲೆಗೆ ಸೇರದ ಮಕ್ಕಳು, ಅವರ ತಾಯಂದಿರು ಅಲ್ಲಿ ಕೂರಬೇಕೆಂದು ಸಭೆಯ ಹಿರಿಯರು ನಿಯಮ ಮಾಡಿದ್ದರು. ಪರದೆ ಬೇಕೆಂದು ಹಟ ಹಿಡಿದವರು ಸತ್ಯಮಿತ್ರಪ್ಪನವರು. ಕೆಟ್ಟವರಲ್ಲ. ಕಡಲುಬಿಟ್ಟವರಿಗೆ ಮೊದಲು ಮನೆ ಬಿಟ್ಟುಕೊಟ್ಟವರೂ ಅವರೇ. ಆದರೆ ಅವರ ಕಿವಿ ಮಂದವಾಗುತ್ತಿತ್ತು. ಒಂದು ಕೂಸು ಅತ್ತರೆ ಅವರ ಪಾಲಿಗೆ ಪ್ರಸಂಗ ಮುಗಿದಂತೆಯೇ. ವಾರವಿಡೀ ಒಂಟಿಯಾಗಿರುತ್ತಿದ್ದ ಆ ಮನುಷ್ಯನಿಗೆ ಆ ಒಂದು ಪ್ರಸಂಗವೇ ಊಟ.

ನನ್ನ ಅಮ್ಮ ಪ್ರೇಮಲತಾ ಆಗ ತುಂಬಿದ ಬಸುರಿ. ಅಪ್ಪ ಗುಡ್ಡದ ಮೇಲಿನ ಗಾಳಿಕಂಬಗಳ ರಿಪೇರಿಗೆ ಹೋಗಿದ್ದರು. ಶುಭ ಶುಕ್ರವಾರದ ಆರಾಧನೆ ಮಾತ್ರ ಬಿಸಿಲೇರುವ ತನಕ ನಡೆಯುತ್ತದೆ. ಪರದೆಯೊಳಗೆ ಗಾಳಿಯಾಡದು. ಆ ಶುಕ್ರವಾರ ಬೇರೆ ಮಕ್ಕಳ ತಾಯಂದಿರು ಸೆಕೆ ತಾಳಲಾರದೆ ಆಗಲೇ ಮನೆಗೆ ಹೋಗಿದ್ದರು. ಸಭೆಯೆಲ್ಲ ಕಣ್ಣುಮುಚ್ಚಿ ಕೂರುವ ದೀರ್ಘ ಮೌನದ ಹೊತ್ತು ಬಂತು. ಅಮ್ಮ ಗೋಡೆಗೆ ಒರಗಿದಳು, ಆಮೇಲೆ ಮೆಲ್ಲನೆ ನೆಲಕ್ಕೆ ಜಾರಿದಳು. ನಾನು ಕರೆದೆ, ಅಳತೊಡಗಿದೆ, ಅವಳ ಕೆನ್ನೆ ತಟ್ಟಿದೆ. ಯಾರೂ ಬರಲಿಲ್ಲ. ದೊಡ್ಡವರಿಗೆಲ್ಲ ನಮ್ಮ ಮೇಲೆ ಸಿಟ್ಟು ಬಂದಿದೆ ಎಂದುಕೊಂಡೆ. ಆ ಭಯ ನನಗಿನ್ನೂ ನೆನಪಿದೆ.

ಪರದೆಯ ಅಡಿಯಿಂದ ನುಸುಳಿ ಹೊರಗೆ ಬಂದೆ. ಸಾಲುಗಳ ನಡುವಿನ ದಾರಿಯ ಪಕ್ಕಕ್ಕೆ ಕೂತಿದ್ದವರು ಸತ್ಯಮಿತ್ರಪ್ಪನವರೇ. ಅವರ ಮೊಣಕಾಲು ಹಿಡಿದು ಅಲುಗಾಡಿಸಿದೆ. ಅವರು ಕಣ್ಣುಬಿಟ್ಟು ತುಟಿಗೆ ಬೆರಳಿಟ್ಟರು.

"ಶ್! ಒಳಗ ಹೋಗವಾ. ಪ್ರಾರ್ಥನಿ ನಡದೈತಿ."

"ಅಜ್ಜಾ, ಅಮ್ಮ ಏಳುದಿಲ್ಲ."

ಅವರಿಗೆ ಕೇಳಿಸಲಿಲ್ಲ. ಕಿವಿಗೆ ಕೈ ಅಡ್ಡಹಿಡಿದು ಬಗ್ಗಿದರು. ಆಗ ನಾನು ಇದ್ದಬದ್ದ ಶಕ್ತಿಯಲ್ಲಿ ಚೀರಿದೆ: "ಅಮ್ಮ ಏಳುದಿಲ್ಲ!"

ಇಡೀ ದೇವಾಲಯ ಕಣ್ಣುಬಿಟ್ಟಿತು. ಆ ಮುದುಕ ನನಗಿಂತ ಜೋರಾಗಿ ಕೂಗಿದರು: "ನೀರು ತರ್ರಿ! ಯಾರರ ನೀರು ತರ್ರೋ!" ಹೆಂಗಸರು ಅಮ್ಮನನ್ನು ಎತ್ತಿ ಹೊರಗಿನ ಬೇವಿನ ಮರದಡಿ ಮಲಗಿಸಿದರು. ಕಣ್ಣುಬಿಟ್ಟವಳೇ ನನ್ನನ್ನು ಹುಡುಕಿದಳು. ಹೊಟ್ಟೆಯಲ್ಲಿದ್ದ ನನ್ನ ತಮ್ಮನಿಗೂ ಏನೂ ಆಗಿರಲಿಲ್ಲ.

ಮರುದಿನ ಶನಿವಾರ. ಭಾನುವಾರದ ಪುನರುತ್ಥಾನದ ಹಬ್ಬಕ್ಕೆ ಬರುವುದಿಲ್ಲವೆಂದು ಅಮ್ಮ ಹೇಳಿಕಳಿಸಿದ್ದಳು. ಸಂಜೆ ಸತ್ಯಮಿತ್ರಪ್ಪನವರು ನಮ್ಮ ಬಾಗಿಲಿಗೆ ಬಂದರು. ಅವರ ಅಂಗಿಯ ಮೇಲೆಲ್ಲ ಬೂದುಬಣ್ಣದ ನಾರು ಅಂಟಿಕೊಂಡಿತ್ತು. ಅಮ್ಮ ಕೂರಿಸಿ ನೀರು ಕೊಟ್ಟಳು. ಆಮೇಲೆ ಅವರಿಗೆ ಕೇಳಿಸುವಂತೆ ಗಟ್ಟಿಯಾಗಿಯೇ ಹೇಳಿದಳು:

"ನಮ್ಮ ಮಕ್ಕಳಿಂದ ನಿಮಗೆ ಉಪದ್ರ ಬೇಡ ಅಜ್ಜ. ನಾವು ಮನೆಯಲ್ಲೇ ಪ್ರಾರ್ಥನೆ ಮಾಡಿಕೊಳ್ತೇವೆ."

ಅವರು ಲೋಟ ಕೆಳಗಿಟ್ಟರು.

"ಪರದಿ ಬೇಕು ಅಂದಾಂವ ನಾನವಾ. ದೇವರ ಮಾತು ಕೇಳಬೇಕು ಅಂತ ಹುಡುಗೂರ ಬಾಯಿ ಮುಚ್ಚಿಸಿದ್ದೆ. ನಿನ್ನೆ ಇಡೀ ಆರಾಧನಿಯೊಳಗ ನನಗ ಸ್ವಚ್ಛ ಕೇಳಿಸಿದ್ದು ನಿನ್ನ ಮಗಳ ಮಾತೊಂದ."

"ಹಾಗಾದ್ರೆ ಅದನ್ನು ತೆಗೆಸಿ. ಮತ್ತೆ ನೋಡುವ."

"ತಗದ ಬಂದೀನಿ," ಎಂದರು.

ಅಮ್ಮ ಅಳಲಿಲ್ಲ, ನಗಲೂ ಇಲ್ಲ. "ನಾಳೆ ಎಷ್ಟು ಗಂಟೆಗೆ?" ಎಂದು ಕೇಳಿದಳು.

ಆ ಭಾನುವಾರದಿಂದ ಎಲ್ಲವೂ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಸಭೆ ಸಂತೆಯಂತಾಯಿತು. ಕೆಲವರು ಮುನಿಸಿಕೊಂಡು ಬೇರೆ ಸಭೆಗೆ ಹೋದರು, ಒಂದಿಬ್ಬರು ಮರಳಿ ಬಂದರು. ಸತ್ಯಮಿತ್ರಪ್ಪನವರಿಗೆ ಮತ್ತೆ ಪ್ರಸಂಗ ಕೇಳಿಸದಾಯಿತು. ಕಡೆಗೆ ಅವರ ಕುರ್ಚಿಯನ್ನು ಪ್ರಸಂಗಪೀಠದ ಬುಡಕ್ಕೇ ಹಾಕಿದರು. ಮಕ್ಕಳ ಚಾಪೆಯೂ ಅಲ್ಲೇ ಇತ್ತು. "ಅರ್ಧ ಪ್ರಸಂಗ ಈ ಹುಡುಗೂರ ತಿಂದುಬಿಟ್ಟುವು" ಎಂದು ಅವರು ಗೊಣಗದ ಭಾನುವಾರವಿಲ್ಲ. ಓದಲು ಕಲಿತ ಮಕ್ಕಳು ಅವರಿಗೆ ತಪ್ಪಿಹೋದ ಆ ಅರ್ಧವನ್ನು ಆಮೇಲೆ ಅವರ ಕಿವಿಯಲ್ಲಿ ಹೇಳಬೇಕಾಗುತ್ತಿತ್ತು. ಹಾಗೆ ಹೇಳುತ್ತ ಹೇಳುತ್ತ ನಾನು ಪ್ರಸಂಗ ಮಾಡುವುದನ್ನು ಕಲಿತೆ.

ಈಗ ನಮ್ಮಲ್ಲಿ ಮಕ್ಕಳೇ ಗಂಟೆ ಬಾರಿಸುತ್ತಾರೆ, ರೊಟ್ಟಿಯ ಬುಟ್ಟಿ ಹಿಡಿದು ಹಿರಿಯರ ಜೊತೆ ನಡೆಯುತ್ತಾರೆ. ಪ್ರಸಂಗದ ನಡುವೆ ಕೂಸು ಅತ್ತರೆ ನಾನು ನಿಲ್ಲಿಸುವುದಿಲ್ಲ, ದನಿ ಸ್ವಲ್ಪ ಏರಿಸುತ್ತೇನೆ. ಪಕ್ಕದಲ್ಲಿ ಕೂತವರು ಯಾರಾದರೂ ಕೈಚಾಚಿ ಎತ್ತಿಕೊಳ್ಳುತ್ತಾರೆ, ತಾಯಿ ಒಂದು ಕೀರ್ತನೆಯನ್ನಾದರೂ ಪೂರ್ತಿ ಹಾಡುತ್ತಾಳೆ. ಸಭೆ ಬೆಳೆದಿದೆ. ನಾನು ಹೋದಮೇಲೂ ಇರುತ್ತದೆ, ಅದರಲ್ಲಿ ನನಗೆ ಅನುಮಾನವಿಲ್ಲ.

ನಿಮ್ಮ ಕಾಲದಲ್ಲಿ ಸದ್ದುನುಂಗಿ ಇರಲಿಲ್ಲ. ಆದರೆ ಅಳುವ ಕೂಸಿನ ಕಡೆ ಗಂಟಿಕ್ಕಿಕೊಂಡು ತಿರುಗುವ ಮುಖಗಳು ಇದ್ದಿರಬೇಕು. ಆ ಮುಖಗಳಿಂದಲೂ ಒಂದು ಪರದೆ ನೇಯಬಹುದು. ಆದ್ದರಿಂದ ನನ್ನದೊಂದು ಬಿನ್ನಹ. ಬರುವ ಭಾನುವಾರ ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಒಬ್ಬಾಕೆ ಬಾಗಿಲಲ್ಲಿ ನಿಂತು, ಎಲ್ಲಿ ಕೂರಲಿ ಎಂದು ಹುಡುಕುತ್ತಿದ್ದರೆ, ಮುಂದೆ ಕರೆಯಿರಿ. ಇಲ್ಲೇ ಹಿಂದೆ ಕೂರುತ್ತೇನೆ ಎಂದರೆ ಇನ್ನೊಮ್ಮೆ ಕರೆಯಿರಿ. ಅವಳ ಬೆನ್ನಿಗೆ ಇನ್ನೂ ಹುಟ್ಟದ ನಾವೆಲ್ಲರೂ ನಿಂತಿದ್ದೇವೆ.

ಕರ್ತನಲ್ಲಿ ನಿಮ್ಮ ಮಗಳು,
ಸುಕೃಪಾ