ನಮ್ಮಿಬ್ಬರ ‘ಯೂ’

ನಂಜ ಮಾವನಿಗೆ,

ಮಾವ ಅಂತ ಬರೆದಿದ್ದೇನೆ. ನೀನಿದ್ದಿದ್ದರೆ ಇದನ್ನು ಓದಿ ಮೂಗು ಮುರಿಯುತ್ತಿದ್ದೆ. ಕಾಗದದಲ್ಲಿ ನಮ್ಮ ಮಾತು ಕೇಳಿಸಿಕೊಳ್ಳುವವರು ಯಾರೂ ಇಲ್ಲವಲ್ಲ. ಇನ್ನು ಮುಂದೆ ನಂಜ, ನೀನು, ಅಷ್ಟೇ.

ಕೀಳ್ ಕೋತಗಿರಿಯ ಸ್ಕೂಲಿನಲ್ಲಿ ನಮ್ಮದು ಒಂದೇ ಬೆಂಚು. ನಿನ್ನ ಹಟ್ಟಿ ಗುಡ್ಡದ ಆಚೆ, ನನ್ನದು ಈಚೆ. ಇಂಗ್ಲಿಷ್ ಮೇಷ್ಟ್ರು ಒಂದು ದಿನ ಬೋರ್ಡಿನ ಮೇಲೆ ‘ಯೂ’ ಅಂತ ಬರೆದು, ಇದು ಕಲೆಕ್ಟರಿಗೂ ಆಗುತ್ತೆ, ಕೂಲಿಯವನಿಗೂ ಆಗುತ್ತೆ, ಒಬ್ಬನಿಗೂ ಆಗುತ್ತೆ, ಇಡೀ ಊರಿಗೂ ಆಗುತ್ತೆ ಅಂದರು. ನೀನು ಎದ್ದು ನಿಂತು, "ದೊಡ್ಡವರು ಬೈಯೋದಿಲ್ವಾ ಸಾರ್?" ಅಂತ ಕೇಳಿದ್ದೆ. ಆ ಪದ ನಮಗೆ ಮುಂದೆ ಎಷ್ಟು ಬೇಕಾಗುತ್ತದೆ ಅಂತ ಆಗ ಯಾರಿಗೆ ಗೊತ್ತಿತ್ತು?

ನನ್ನಪ್ಪನ ಕೊನೆಯ ತಂಗಿಯನ್ನು ನೀನು ಮದುವೆಯಾದ ದಿನ ನೆನಪಿದೆಯಾ? ನಮ್ಮಲ್ಲಿ ವಯಸ್ಸಿಗಿಂತ ನಂಟು ದೊಡ್ಡದು. ಹಿಂದಿನ ದಿನದವರೆಗೂ "ಏ ನಂಜ" ಅನ್ನುತ್ತಿದ್ದ ನಾನು ಎಲ್ಲರೆದುರು ತಲೆಯ ಟವೆಲ್ ತೆಗೆದು ಬಗ್ಗಬೇಕಾಯಿತು. ನೀನು ನೆತ್ತಿ ಮುಟ್ಟಿ "ಬದುಕಿ ಬಾ" ಅಂತ ಹರಸಿದೆ, ಯಾರಿಗೂ ಕಾಣದ ಹಾಗೆ ಬೆರಳ ಗೆಣ್ಣಿನಿಂದ ಒಂದು ಕುಟ್ಟಿದೆ ಕೂಡ. ಆಮೇಲೆ ನಿನ್ನನ್ನು ಹೆಸರು ಹಿಡಿದು ಕರೆಯುವ ಹಾಗಿಲ್ಲ, ನೀನು ಅನ್ನುವ ಹಾಗೂ ಇಲ್ಲ. ಮಾವ ಅನ್ನಲು ನನ್ನ ನಾಲಿಗೆ ಹೊರಳಲೊಲ್ಲದು. ಒಂದು ತಿಂಗಳು ಇಬ್ಬರೂ ಸರಿಯಾಗಿ ಮಾತೇ ಆಡಲಿಲ್ಲ.

ಆಮೇಲೆ ಒಂದು ದಿನ ಲೀಫ್ ಶೆಡ್ಡಿನಲ್ಲಿ ನಾನು ಚಹಾ ಸೊಪ್ಪಿನ ಮೂಟೆ ಇಳಿಸುತ್ತಿದ್ದೆ. ಬೆನ್ನ ಹಿಂದೆ ನಿನ್ನ ದನಿ. "ಯೂ. ಹೌ ಮಚ್ ಲೀಫ್?" ನಾನು ತಿರುಗಿ, "ಯೂ ಕಮ್, ಯೂ ಲಿಫ್ಟ್" ಅಂದೆ. ಅಲ್ಲಿಂದ ಶುರು. ಯೂ ಸಿಟ್, ಯೂ ಈಟ್, ಯೂ ಗೋ. ನಮ್ಮ ಇಂಗ್ಲಿಷಿಗೆ ಬೇರೆ ಬಂಡವಾಳ ಏನಿತ್ತು? ಮನೆಯಲ್ಲಾದರೆ ಹೆತ್ತೆ, ನನ್ನ ಅಜ್ಜಿ, ಒಳಗಿನಿಂದ ಓಡಿ ಬಂದು "ಏಕ ಜಗಳ, ಮಕ್ಕಾ?" ಅಂತ ಕೇಳುತ್ತಿದ್ದಳು. ನಾವು ಬೈದಾಡುತ್ತಿದ್ದೇವೆ ಅಂತ ಅವಳು ಸಾಯುವವರೆಗೂ ನಂಬಿದ್ದಳು.

ಅರವಂಕಾಡಿನ ಫ್ಯಾಕ್ಟರಿ ಕೆಲಸದಿಂದ ಬಂದ ಒಂದು ಸಂಜೆ ನೀನು ಹೊಸದೊಂದು ಯೂ ತಂದಿದ್ದೆ. ಮಂಜು ಕವಿದಾಗ ಆಫೀಸರು "ಯೂ ಕಾಂಟ್ ಸೀ ಎನಿಥಿಂಗ್" ಅಂದರಂತೆ. "ನನಗೆ ಚೆನ್ನಾಗೇ ಕಾಣುತ್ತೆ ಸಾರ್" ಅಂದೆಯಂತೆ ನೀನು. ಅದು ನಿನಗೆ ಹೇಳಿದ್ದಲ್ಲ, ಯಾರಿಗೂ ಹೇಳಿದ್ದಲ್ಲ ಅಂತ ಅವರು ನಕ್ಕರಂತೆ. ಯಾರೂ ಅಲ್ಲದವನನ್ನು ಯೂ ಅನ್ನೋದು ಹೇಗೆ ಅಂತ ನಾವು ಹೊಟ್ಟೆ ಹಿಡಿದು ನಕ್ಕಿದ್ದೆವು. ಈಗ ತೋಟದಲ್ಲಿ ಮಂಜು ಇಳಿದಾಗ ನಾನೊಬ್ಬನೇ ನಿಂತು ಆ ಮಾತು ಹೇಳಿ ನೋಡುತ್ತೇನೆ. ಆಫೀಸರು ಹೇಳಿದ್ದು ಈಗ ಅರ್ಥವಾಗಿದೆ, ನಂಜ.

ಆಸ್ಪತ್ರೆಯದನ್ನು ಬರೆಯದೆ ಮುಗಿಸೋಣ ಅಂದುಕೊಂಡಿದ್ದೆ, ಆಗುತ್ತಿಲ್ಲ. ನಿನ್ನ ಮಂಚದ ಸುತ್ತ ಎರಡೂ ಹಟ್ಟಿಯ ನೆಂಟರು. ನಾನು ಬಂದವನೇ ಟವೆಲ್ ತೆಗೆದು ಬಗ್ಗಿದೆ. ನಿನ್ನ ಕೈಗೆ ಡ್ರಿಪ್ ಹಾಕಿದ್ದರು, ಎತ್ತಲಾಗಲಿಲ್ಲ. ನೀನು ನನ್ನನ್ನೇ ನೋಡುತ್ತಾ "ಯೂ..." ಅಂದೆ. ಮುಂದೆ ಏನಿತ್ತು? ಯೂ ಸಿಟ್ ಅಂತಲಾ? ಅಷ್ಟು ಜನರೆದುರು ನನಗೆ ನಾಚಿಕೆಯಾಯಿತು. "ಸುಮ್ಮನಿರಿ ಮಾವ, ಆಯಾಸ ಆಗುತ್ತೆ" ಅಂದುಬಿಟ್ಟೆ. ನೀನು ಕಣ್ಣು ಮುಚ್ಚಿಕೊಂಡೆ. ಎರಡು ದಿನ ಬಿಟ್ಟು ಹಟ್ಟಿಯ ಮುಂದೆ ನಿನ್ನನ್ನು ಮಲಗಿಸಿದ್ದಾಗ, ಕಿರಿಯರ ಸಾಲಿನಲ್ಲಿ ನಿಂತು ನಿನ್ನ ಕಾಲಿಗೆ ಹಣೆ ಮುಟ್ಟಿಸಿದೆ. ಆ ಸಾಲಿನಲ್ಲಿ ನರೆತ ತಲೆ ನನ್ನದೊಂದೇ.

ಇಷ್ಟೆಲ್ಲ ಬರೆದದ್ದು ಒಂದು ಸುದ್ದಿ ಹೇಳುವುದಕ್ಕೆ. ಮೊನ್ನೆ ನಿನ್ನ ಮನೆಗೆ ಹೋಗಿದ್ದೆ. ಮಾಮಿ, ಅಪ್ಪನ ಆ ತಂಗಿ, ಒಬ್ಬಳೇ ಇದ್ದಳು. ಬಗ್ಗಿದೆ, ನೆತ್ತಿ ಮುಟ್ಟಿದಳು. ನಿನ್ನ ಕುರ್ಚಿ ಖಾಲಿಯಿತ್ತು, ನಾನು ಎಂದಿನಂತೆ ಎದುರಿನ ಬೆಂಚಿನ ಮೇಲೆ ಕೂತೆ. ಅವಳು ಒಳಗೆ ಹೋಗಿ ಕಾಫಿ ತಂದಳು. ಸ್ಕೂಲಿನ ಮೆಟ್ಟಿಲು ಹತ್ತದ ನಿನ್ನ ಹೆಂಡತಿ, ಇಷ್ಟು ವರ್ಷ ಒಲೆಯ ಮುಂದೆ ಕೂತು ನಮ್ಮನ್ನು ಕೇಳಿಸಿಕೊಂಡವಳು, ಲೋಟ ನನ್ನ ಮುಂದಿಟ್ಟು ಮೆಲ್ಲಗೆ ಅಂದಳು: "ಯೂ ಡ್ರಿಂಕ್."

ನಾನೇನು ಮಾಡಿದೆ ಗೊತ್ತಾ, ನಂಜ? ಕಾಫಿ ಮುಗಿಸಿ, ಹೋಗಿ ಬರ್ತೀನಿ ಮಾಮಿ ಅಂದು ಎದ್ದು ಬಂದೆ. ಆಸ್ಪತ್ರೆಯಲ್ಲಿ ಮಾಡಿದ್ದನ್ನೇ ಮತ್ತೆ ಮಾಡಿದೆ. ಸೋಮವಾರ ಮತ್ತೆ ಹೋಗುತ್ತೇನೆ. ಅವಳು ಲೋಟ ಇಟ್ಟಾಗ, ಹಟ್ಟಿಯವರೆಲ್ಲ ಬಾಗಿಲಲ್ಲಿ ನಿಂತಿದ್ದರೂ ಸರಿ, ಹೇಳುತ್ತೇನೆ: ಯೂ ಸಿಟ್. ಯೂ ಆಲ್ಸೋ ಡ್ರಿಂಕ್.

ನಿನ್ನ ಬೆಂಚಿನವನು,
ಬೆಳ್ಳಿ