ಒಬ್ಬೊಬ್ಬರೂ ಸುರಿದದ್ದು ಒಂದೊಂದೇ ಪ್ರನಾಳ

ಮಾನ್ಯ ಪ್ರಾಂಶುಪಾಲರೇ,

ಇಂದು ಮಾರ್ಚ್ ಹದಿನಾಲ್ಕು. ನಮ್ಮ ರಸಾಯನಶಾಸ್ತ್ರದ ಮೇಡಂ ಅವರನ್ನು ನೀವು ಅಮಾನತು ಮಾಡಿದ್ದನ್ನು ಎಲ್ಲರೆದುರು ವಿರೋಧಿಸುವುದು ಈ ಪತ್ರದ ಉದ್ದೇಶ.

ಪ್ರಯೋಗದಲ್ಲಿ ಉಳಿದ ಆಮ್ಲಕ್ಕೆ ಅಡುಗೆ ಸೋಡಾ ಬೆರೆಸಿ, ನೊರೆ ನಿಂತ ಮೇಲಷ್ಟೇ ಸಿಂಕಿಗೆ ಸುರಿಯಬೇಕೆಂಬುದು ನಿಯಮ. ಹತ್ತು ನಿಮಿಷದ ಆ ಕೆಲಸಕ್ಕೆ ಅಂಕವಿಲ್ಲ. ಅಂಕವಿಲ್ಲದ ಕೆಲಸವನ್ನು ಯಾವ ಜಾಣೆ ಮಾಡುತ್ತಾಳೆ? ನಾನಂತೂ ಮಾಡಲಿಲ್ಲ. ಆಮ್ಲವನ್ನು ಹಾಗೇ ಸಿಂಕಿಗೆ ಸುರಿದು, ಎಲ್ಲರಿಗಿಂತ ಮೊದಲು ಮುಗಿಸಿ ಹೊರಡುತ್ತಿದ್ದೆ. ಆ ಚುರುಕಿಗೆ ನೀವೇ ವೇದಿಕೆಯ ಮೇಲೆ ಬಹುಮಾನ ಕೊಟ್ಟಿರಿ. ನನ್ನನ್ನು ನೋಡಿ ಉಳಿದ ಐವತ್ತೊಂಬತ್ತು ಮಂದಿಯೂ ಕಲಿತರು.

ಕಳೆದ ತಿಂಗಳು ಸಿಂಕು ಕಟ್ಟಿಕೊಂಡಿತು. ಕೊಳಾಯಿ ರಿಪೇರಿಯ ಮಾಮ ಅದರ ಕೆಳಗೆ ಅಂಗಾತ ಮಲಗಿ ಕೊಳವೆ ಬಿಚ್ಚಿದರು. ಒಳಗೆ ನಿಂತಿದ್ದದ್ದು ಬರೀ ನೀರಲ್ಲ. ಅವರ ಬಲಗಣ್ಣು ಹೋಯಿತು. ನಿಮ್ಮ ವಿಚಾರಣಾ ಸಮಿತಿ ಮೂರು ದಿನ ಕೂತು, “ನಿರ್ದಿಷ್ಟವಾಗಿ ಯಾರೂ ಹೊಣೆಗಾರರಲ್ಲ” ಎಂದು ಕಂಡುಹಿಡಿಯಿತು. ಎಂಥ ಸಂಶೋಧನೆ! ಆಮ್ಲವೇನು ತಾನಾಗಿ ನಡೆದುಹೋಗಿ ಕೊಳವೆಯಲ್ಲಿ ಕೂತಿತ್ತೇ?

ಮರುದಿನ ಮೇಡಂ ಪುಸ್ತಕ ತೆರೆಯಲಿಲ್ಲ. ಹಾಳೆ ಹಂಚಿ, “ಯಾರು ಮಾಡಿದ್ದು ಅಂತ ನಾನು ಕೇಳಲ್ಲ. ನೀನೆಷ್ಟು ಸುರಿದೆ, ಅಷ್ಟು ಬರಿ” ಎಂದರು.

“ನಂದು ವಾರಕ್ಕೆ ಒಂದೇ ಒಂದು ಪ್ರನಾಳ, ಮೇಡಂ,” ಎಂದ ಹಿಂದಿನ ಬೆಂಚಿನವನೊಬ್ಬ.

“ಎಲ್ಲರದ್ದೂ ಒಂದೊಂದೇ ಕಣಪ್ಪ. ಬಾ, ಕೂಡಿಸು.”

ಅವನು ಬೋರ್ಡಿನ ಮೇಲೆ ಕೂಡಿಸಿದ. ವರ್ಷಕ್ಕೆ ನಲವತ್ತು ಲೀಟರ್. ಮೇಡಂ ತಾವೂ ಒಂದು ಹಾಳೆ ಬರೆದರು: “ಕಂಡೂ ಸುಮ್ಮನಿದ್ದೆ.” ನಾನು ಕಲಿತ ಪಾಠಗಳಲ್ಲಿ ಪರೀಕ್ಷೆಗೆ ಬಾರದಿದ್ದರೂ ಬೇಕಾದದ್ದು ಇದೊಂದೇ. ನೀವಿದನ್ನು “ವಿದ್ಯಾರ್ಥಿಗಳಿಗೆ ಮಾನಸಿಕ ಹಿಂಸೆ” ಎಂದು ಆದೇಶದಲ್ಲಿ ಬರೆದಿದ್ದೀರಿ.

ನಾನು ಮಾಮನ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. “ನೀನೊಬ್ಬಳೇ ಮಾಡಿದ್ದಿದ್ರೆ ಬಾಯ್ತುಂಬ ಬೈದು ಕಳಿಸ್ತಿದ್ದೆ ಕಣಮ್ಮ. ಅರವತ್ತು ಜನಾನ ಬೈಯೋಕೆ ನನಗೆಲ್ಲಿ ಪುರುಸೊತ್ತು?” ಎಂದು ನಕ್ಕರು. ಅವರ ಹೆಂಡತಿ ನಗಲಿಲ್ಲ. “ಕ್ಲಾಸಿಗೇ ಫಸ್ಟ್ ಅಂತೆ,” ಎಂದಷ್ಟೇ ಹೇಳಿ ಒಳಗೆ ಹೋದರು. ಆ ಮಾತು ಬೈಗುಳವಾಗಿ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು.

ಮೇಡಂ ಅವರನ್ನು ಸೋಮವಾರದೊಳಗೆ ತರಗತಿಗೆ ಮರಳಿ ಕರೆಸಿ. ವಿಚಾರಣಾ ವರದಿಗೆ ನಮ್ಮ ಅರವತ್ತೊಂದು ಹಾಳೆಗಳನ್ನು ಲಗತ್ತಿಸಿ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಪ್ರಯೋಗಾಲಯದ ಹೊಸ್ತಿಲು ದಾಟದ ನೀವು ಅರವತ್ತೆರಡನೆಯದನ್ನು ಬರೆಯಿರಿ.

“ಮೇಡಂ ಬಲವಂತದಿಂದ ಬರೆಸಿದರು” ಎಂಬ ಹೇಳಿಕೆಯನ್ನು ನಿನ್ನೆ ನನ್ನ ಮುಂದಿಟ್ಟು, “ಸಹಿ ಮಾಡಮ್ಮ, ನಾಳೆ ನಿನ್ನ ಶಿಫಾರಸು ಪತ್ರಾನೂ ನಾನೇ ಬರೀಬೇಕಲ್ವಾ?” ಎಂದಿರಿ.

ನಾನು ಸಹಿ ಮಾಡುವುದಿಲ್ಲ.

ಇಂತಿ,
ನೀವು ಗೋಡೆಯ ಫಲಕದಲ್ಲಿ ‘ಕಾಲೇಜಿನ ಹೆಮ್ಮೆ’ ಎಂದು ಬರೆಸಿದವಳು